ಕೊಡಗಿನ ಮಳೆಯಲ್ಲಿ ಮೆರೈನ್ ಉಪ್ಪನ್ನು ಒಣಗಿಸಿಡುವ ಬಗೆ

ನಮ್ಮ ಮನೆ ಇರುವುದು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯ ಕಡೆ. ಜೂನ್‌ನಲ್ಲಿ ಒಗೆದು ಹಾಕಿದ ಜೀನ್ಸ್ ಪ್ಯಾಂಟು ಸೆಪ್ಟೆಂಬರ್‌ನಲ್ಲಿ ಕೋವಿ, ಕತ್ತಿ ಪೂಜಿಸುವ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಒಣಗಿದರೆ ಪುಣ್ಯ ಎಂದು ತಮಾಷೆ ಮಾಡಿಕೊಳ್ಳುವ ಊರು. ಅಂಥಲ್ಲಿ 200 ಲೀಟರಿನ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಮೀನು, ಹವಳ ಸಾಕುವ ಹುಚ್ಚು ನನಗೆ ಹಿಡಿಯಿತು. ಮೀನು ಬದುಕಿದವು. ಸತ್ತದ್ದು ಉಪ್ಪು. ಮೊದಲ ವರ್ಷ ಮೇ ತಿಂಗಳಲ್ಲಿ ತರಿಸಿದ, ತೊಟ್ಟಿಗೆ ಸಮುದ್ರದ ನೀರು ತಯಾರಿಸುವ 20 ಕಿಲೋ ಉಪ್ಪಿನ ಮಿಶ್ರಣ (ಅದೇ ಮೆರೈನ್ ಉಪ್ಪು) ಆಗಸ್ಟ್ ಮೊದಲಲ್ಲಿ ಆಟಿ ಹದಿನೆಂಟರ ಪಾಯಸ ಉಣ್ಣುವ ಹೊತ್ತಿಗೆ ಬಕೆಟ್ಟಿನ ಆಕಾರದ ಕಲ್ಲಾಗಿ ಕುಳಿತಿತ್ತು. ತೋಟಕ್ಕೆ ಒಯ್ಯುವ ಕತ್ತಿಯ ಹಿಂಬದಿಯಿಂದ ಬಡಿದು ಚೂರು ತೆಗೆಯಬೇಕಾಯಿತು.

ಆಮೇಲಿನ ಮಳೆಗಾಲಗಳಲ್ಲಿ ಒಂದೊಂದೇ ತಪ್ಪು ತಿದ್ದಿಕೊಂಡು ಈಗ ಒಂದು ಪದ್ಧತಿಗೆ ಬಂದಿದ್ದೇನೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಟ್ಯಾಂಕ್ ಇಟ್ಟವರಿಗೂ ಇದು ಒಗ್ಗುತ್ತದೆ. ಬಯಲುಸೀಮೆಯವರಿಗೆ ಇಷ್ಟೆಲ್ಲ ಬೇಕಾಗಲಿಕ್ಕಿಲ್ಲ.

ಅಡುಗೆ ಉಪ್ಪಿಗಿಂತ ಇದು ಏಕೆ ಬೇಗ ನೀರಾಗುತ್ತದೆ

ಶುದ್ಧ ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಗಾಳಿಯ ಆರ್ದ್ರತೆ ಸುಮಾರು ಶೇ. 75 ದಾಟುವ ತನಕ ಒಣದಾಗಿಯೇ ಇರುತ್ತದೆ. ದಾಟಿದರೆ ಗಾಳಿಯಿಂದಲೇ ನೀರು ಕುಡಿದು ಕರಗತೊಡಗುತ್ತದೆ. ಅಕ್ವೇರಿಯಂ ಮಿಶ್ರಣದಲ್ಲಿ ಹೆಚ್ಚಿನ ಪಾಲು ಇದೇ ಉಪ್ಪಾದರೂ ಜೊತೆಗೆ ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಇರುತ್ತವೆ. ಅವೆರಡಕ್ಕೆ ಶೇ. 30ರ ಆಸುಪಾಸಿನ ಆರ್ದ್ರತೆಯೇ ಸಾಕು. ಬೀರುವಿನ ಬಟ್ಟೆಗೆ ಬೂಷ್ಟು ಹಿಡಿಯದಿರಲೆಂದು ಅಂಗಡಿಯಲ್ಲಿ ಒಂದು ಡಬ್ಬಿ ಮಾರುತ್ತಾರಲ್ಲ, ಒಳಗಿನ ಬಿಳಿ ಹರಳು ತಾನೇ ನೀರಾಗಿ ಕೆಳಗೆ ತುಂಬಿಕೊಳ್ಳುತ್ತದಲ್ಲ, ಆ ಹರಳು ಕ್ಯಾಲ್ಸಿಯಂ ಕ್ಲೋರೈಡೇ. ಅದೇ ವಸ್ತು ನಿಮ್ಮ ಉಪ್ಪಿನೊಳಗೂ ಕುಳಿತಿದೆ. ಮಳೆಗಾಲದಲ್ಲಿ ನಮ್ಮ ಕಡೆ ಆರ್ದ್ರತೆ ದಿನಗಟ್ಟಲೆ ಶೇ. 90ರ ಮೇಲೆಯೇ ನಿಲ್ಲುತ್ತದೆ. ಆದ್ದರಿಂದ ಬಾಯಿ ತೆರೆದ ಚೀಲ ಕೋಣೆಯ ನೀರನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ.

ಗಂಟು ಕಟ್ಟುವುದಷ್ಟೇ ಆಗಿದ್ದರೆ ಕುಟ್ಟಿ ಬಳಸಬಹುದಿತ್ತು. ತೊಂದರೆ ಅದಕ್ಕಿಂತ ಒಳಗಿನದು. ಒಣದಾಗಿರುವಾಗ ಅಕ್ಕಪಕ್ಕದಲ್ಲೇ ಜಗಳವಿಲ್ಲದೆ ಇರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್, ತೇವ ಸಿಕ್ಕಿದ ಕೂಡಲೇ ಒಂದಕ್ಕೊಂದು ಸೇರಿ ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತವೆ, ಅಂದರೆ ಸುಣ್ಣದ ಕಲ್ಲು. ಒಮ್ಮೆ ಹಾಗೆ ಆದದ್ದು ಟ್ಯಾಂಕಿನ ನೀರಿನಲ್ಲಿ ಮತ್ತೆ ಕರಗುವುದಿಲ್ಲ. ಬಕೆಟ್ಟಿನ ತಳದಲ್ಲಿ ಬಿಳಿ ಮಡ್ಡಿಯಾಗಿ ಉಳಿಯುತ್ತದೆ, ನೀರಿನ ಕ್ಷಾರತೆ, ಅಂದರೆ ಅದರಲ್ಲಿ ಕರಗಿರುವ ಬೈಕಾರ್ಬನೇಟಿನ ಅಳತೆ, ಇಳಿಯುತ್ತದೆ. ಹವಳ ತನ್ನ ಅಸ್ಥಿ ಕಟ್ಟಿಕೊಳ್ಳುವುದು ಆ ಕ್ಷಾರತೆಯಿಂದ.

ಶತ್ರು ಗಾಳಿಯಲ್ಲ, ಕೈ

ಇದು ನನಗೆ ತಡವಾಗಿ ಹೊಳೆಯಿತು. ಮುಚ್ಚಳ ತೆಗೆದಾಗಲೆಲ್ಲ ತೇವದ ಗಾಳಿ ಒಳಗೆ ನುಗ್ಗುವುದರಿಂದಲೇ ಉಪ್ಪು ಕೆಡುತ್ತದೆ ಎಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. 22 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ 19 ಗ್ರಾಂ ಚಿಲ್ಲರೆ ನೀರಾವಿ ಹೊರಬಲ್ಲದು. ಬಕೆಟ್ಟಿನ ಮೇಲ್ಭಾಗದಲ್ಲಿ 10 ಲೀಟರ್ ಖಾಲಿ ಜಾಗ ಇದ್ದು, ಅಲ್ಲಿ ಸಂಪೂರ್ಣ ತೇವದ ಗಾಳಿ ತುಂಬಿದರೂ ಒಳಗೆ ಹೋಗುವ ನೀರು ಒಂದು ಗ್ರಾಮಿನ ಐದನೆಯ ಒಂದು ಪಾಲಿನಷ್ಟು. ಒಂದು ಚಹಾ ಚಮಚ ನೀರು 5 ಗ್ರಾಂ. ಒದ್ದೆ ಸೌಟಿನಲ್ಲಿ ಅಂಟಿಕೊಂಡು ಹೋಗುವ ನೀರು ಒಂದು ಚಮಚದಷ್ಟಿದ್ದರೆ ಅದು ಇಪ್ಪತ್ತೈದು ಸಲ ಮುಚ್ಚಳ ತೆಗೆದದ್ದಕ್ಕೆ ಸಮ.

ಮತ್ತು ನಾವು ಉಪ್ಪಿನ ಬಕೆಟ್ ತೆಗೆಯುವುದು ಯಾವಾಗ? ನೀರು ಬದಲಿಸುವ ದಿನ. ಮೊಣಕೈ ತನಕ ಒದ್ದೆಯಾಗಿರುವ ದಿನ. ತಕ್ಕಡಿಯಲ್ಲಿ ತೂಗುವಷ್ಟು ಹೊತ್ತು ಮುಚ್ಚಳ ಪಕ್ಕಕ್ಕೆ, ಪಂಪ್ ಸಿಕ್ಕಿಕೊಂಡಿತೆಂದು ಓಡುವಷ್ಟು ಹೊತ್ತು ಮುಚ್ಚಳ ಹಾಗೆಯೇ. ಅವ್ವ ಇದನ್ನು ನೋಡಿ, "ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದರೆ ನನ್ನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದವನು ನೀನೇ ಅಲ್ಲವೇನೋ?" ಎಂದಳು. ಅಷ್ಟೇ ವಿಷಯ. ಒಣ ಕೆಲಸ ಒಂದು ದಿನ, ಒದ್ದೆ ಕೆಲಸ ಇನ್ನೊಂದು ದಿನ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರ.

ತರಿಸುವ ಕಾಲ

ಮಳೆಗಾಲಕ್ಕೆ ಬೇಕಾಗುವ ಉಪ್ಪು ಜನವರಿ ಕೊನೆಗೆ ಮನೆಯಲ್ಲಿರಲಿ. ವಾರಕ್ಕೆ 20 ಲೀಟರ್ ನೀರು ಬದಲಿಸುವವರಿಗೆ, ಲೀಟರಿಗೆ ಸುಮಾರು 37 ಗ್ರಾಮಿನ ಲೆಕ್ಕದಲ್ಲಿ, ಒಂದು ಸಲಕ್ಕೆ 750 ಗ್ರಾಂ ಬೇಕು. ಜೂನ್‌ನಿಂದ ಅಕ್ಟೋಬರ್ ನಡುವಿನ ತನಕ ಇಪ್ಪತ್ತು ವಾರ ಹಿಡಿದರೆ 15 ಕಿಲೋ. ನಿಮ್ಮ ಬ್ರ್ಯಾಂಡಿನ ಪೊಟ್ಟಣದ ಮೇಲೆ ಲೀಟರಿಗೆ ಎಷ್ಟು ಎಂದು ಬರೆದಿರುವುದನ್ನು ನೋಡಿ ಲೆಕ್ಕ ತಿದ್ದಿಕೊಳ್ಳಿ.

ಮಳೆಯ ನಡುವೆ ತರಿಸಿದರಾಯಿತು ಎನ್ನುವವರು 2018ರ ಆಗಸ್ಟ್ ನೆನಪಿಸಿಕೊಳ್ಳಲಿ. ಆಗ ಮಡಿಕೇರಿ-ಸಂಪಾಜೆ ರಸ್ತೆಯೇ ಗುಡ್ಡದೊಂದಿಗೆ ಕುಸಿದು ಹೋಗಿತ್ತು. ರಸ್ತೆ ಸರಿಯಿದ್ದರೂ ರಟ್ಟಿನ ಪೆಟ್ಟಿಗೆಯ ಪಾರ್ಸೆಲ್ ಎಲ್ಲೆಲ್ಲಿ ನೆನೆದು ಬರುತ್ತದೋ ಯಾರು ಕಂಡರು. ಒಮ್ಮೆ ನನಗೆ ಬಂದ ಪೆಟ್ಟಿಗೆಯ ತಳ ಹಿಟ್ಟಿನಂತೆ ಮೆತ್ತಗಾಗಿತ್ತು. ಬಂದ ದಿನವೇ ಒಳಚೀಲವನ್ನು ಹೊರತೆಗೆದು, ಬೆಳಕಿಗೆ ಹಿಡಿದು, ಸೂಜಿ ತೂತು ಇದೆಯೇ ಎಂದು ನೋಡಿ. ಒತ್ತಿದರೆ ಮರಳಿನಂತೆ ಜರುಗಬೇಕು.

ಪಾತ್ರೆ

ಅಗಲ ಬಾಯಿಯ, ದಪ್ಪ ಪ್ಲಾಸ್ಟಿಕ್ಕಿನ, ರಬ್ಬರ್ ವಾಷರ್ ಇರುವ ಮುಚ್ಚಳದ ಬಕೆಟ್ ಅಥವಾ ಸಣ್ಣ ಡ್ರಮ್ ಒಳ್ಳೆಯದು. ಆಹಾರ ತುಂಬಲು ಯೋಗ್ಯವೆಂದು ಗುರುತು ಇರುವ ಎಚ್‌ಡಿಪಿಇ ಪ್ಲಾಸ್ಟಿಕ್ ಆಗಿರಲಿ. ತಗಡಿನ ಡಬ್ಬಿ ಬೇಡ, ಅಲ್ಯೂಮಿನಿಯಂ ಬೇಡ. ಉಪ್ಪು ಎರಡನ್ನೂ ತಿನ್ನುತ್ತದೆ, ತಿಂದದ್ದು ಟ್ಯಾಂಕಿಗೆ ಬರುತ್ತದೆ. ಉಪ್ಪಿನಕಾಯಿ ಡ್ರಮ್ಮು ಅಗ್ಗಕ್ಕೆ ಸಿಗುತ್ತದೆ, ಆದರೆ ಎಣ್ಣೆಯ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ.

ತೋಟವಿರುವ ಮನೆಗಳಲ್ಲಿ ಇನ್ನೊಂದು ಅಪಾಯವಿದೆ. ಇದನ್ನು ಯಾವ ವಿದೇಶಿ ಪುಸ್ತಕವೂ ನಿಮಗೆ ಹೇಳಲಾರದು. ಕಾಫಿ, ಮೆಣಸಿನ ಬಳ್ಳಿ, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ಮೈಲುತುತ್ತ ಕರಗಿಸಿದ ಬಕೆಟ್ಟುಗಳು ಎಲ್ಲರ ಕೊಟ್ಟಿಗೆಯಲ್ಲೂ ಇರುತ್ತವೆ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಹವಳ, ಸಿಗಡಿ, ಶಂಖದ ಹುಳು ಇವಕ್ಕೆಲ್ಲ ತಾಮ್ರ ಅತಿ ಸಣ್ಣ ಪ್ರಮಾಣದಲ್ಲೂ ವಿಷ. ಆ ಬಕೆಟ್, ಆ ಮಗ್ಗು, ಆ ಕಲಕುವ ಕೋಲು, ತೊಳೆದಿದ್ದರೂ ಸರಿ, ಉಪ್ಪಿನ ಹತ್ತಿರ ಬರಬಾರದು. ನಾನು ಉಪ್ಪಿನ ಬಕೆಟ್ಟಿಗೆ ಕೆಂಪು ಬಣ್ಣದಲ್ಲಿ ಮೀನಿನ ಚಿತ್ರ ಬರೆದಿದ್ದೇನೆ. ತೋಟದ ಕೆಲಸಕ್ಕೆ ಬರುವವರು ಅದನ್ನು ಕಂಡು ನಗುತ್ತಾರೆ, ಆದರೆ ಮುಟ್ಟುವುದಿಲ್ಲ.

ಪೊಟ್ಟಣ ಕಟ್ಟುವ ದಿನ

ಇದೇ ಮುಖ್ಯ ಕೆಲಸ. ಫೆಬ್ರವರಿಯಲ್ಲಿ, ಹೂಮಳೆ ಬೀಳುವ ಮೊದಲು, ಕಣದಲ್ಲಿ ಕಾಫಿ ಗಲಗಲ ಸದ್ದು ಮಾಡುವಷ್ಟು ಒಣಗುತ್ತಿರುವ ಒಂದು ದಿನ ಆರಿಸಿಕೊಳ್ಳಿ. ಬೆಳಗ್ಗೆ ಮಂಜು ಇರುತ್ತದೆ, ಬೇಡ. ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಗಾಳಿ ಅತಿ ಒಣದಾಗಿರುತ್ತದೆ. ಒಂದು ಚಿಕ್ಕ ಡಿಜಿಟಲ್ ಆರ್ದ್ರತಾ ಮಾಪಕ ಇದ್ದರೆ ಊಹೆಯ ಗೊಡವೆಯೇ ಇಲ್ಲ.

ಮಾಪಕ ಸುಳ್ಳು ಹೇಳುತ್ತಿದೆಯೇ ಎಂದು ತಿಳಿಯುವುದು ಸುಲಭ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಲವು ಹನಿ ನೀರಿನಿಂದ ಒದ್ದೆ ಮರಳಿನಂತೆ ಮಾಡಿ, ಮಾಪಕದ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಅದು ಶೇ. 75ರ ಹತ್ತಿರ ತೋರಿಸಬೇಕು. 80 ತೋರಿಸಿದರೆ ಐದು ಹೆಚ್ಚು ಹೇಳುತ್ತದೆಂದು ಅರ್ಥ, ಅಷ್ಟು ಕಳೆದು ಓದಿಕೊಳ್ಳಿ.

ಮೊದಲು ಉಪ್ಪನ್ನು ಬೆರೆಸಬೇಕು. ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ಲಾರಿಯಲ್ಲಿ ಕುಲುಕಿ ಬರುವಾಗ ಸಣ್ಣ ಪುಡಿ ಕೆಳಗೆ ಇಳಿದು ದಪ್ಪ ಹರಳು ಮೇಲೆ ನಿಂತಿರುತ್ತದೆ. ಹಾಗೆಯೇ ತೋಡಿದರೆ ಜೂನ್‌ನ ಪೊಟ್ಟಣ ಒಂದು ಗುಣ, ಸೆಪ್ಟೆಂಬರ್‌ನ ಪೊಟ್ಟಣ ಇನ್ನೊಂದು ಗುಣ. ದೊಡ್ಡ ಡ್ರಮ್ಮಿಗೆ ಸುರಿದು, ಮೂರನೆಯ ಒಂದು ಪಾಲು ಖಾಲಿ ಬಿಟ್ಟು, ಮುಚ್ಚಳ ಬಿಗಿದು, ಅಂಗಳದಲ್ಲಿ ಅಡ್ಡ ಮಲಗಿಸಿ ಹತ್ತಾರು ಸುತ್ತು ಉರುಳಿಸಿ. ನಡುನಡುವೆ ತಲೆಕೆಳಗು ಮಾಡಿ. ಡ್ರಮ್ ಪೂರ್ತಿ ತುಂಬಿದ್ದರೆ ಎಷ್ಟು ಉರುಳಿಸಿದರೂ ಒಳಗಿನದು ಅಲುಗುವುದಿಲ್ಲ.

ಆಮೇಲೆ ಒಣ ಕೈ, ಒಣ ಸೌಟು, ಒಣ ತಕ್ಕಡಿ. ಒಂದು ಸಲದ ನೀರಿಗೆ ಬೇಕಾಗುವ 750 ಗ್ರಾಂ ಒಂದು ಪೊಟ್ಟಣ. ಚೀಲ ದಪ್ಪ ಪಾಲಿಥೀನ್‌ದಾಗಿರಲಿ. ತರಕಾರಿ ಕಟ್ಟುವ ತೆಳು ಚೀಲವನ್ನು ಉಪ್ಪಿನ ಹರಳೇ ಚುಚ್ಚಿ ತೂತು ಮಾಡುತ್ತದೆ. ಬಾಯಿಯ ಅಂಚಿಗೆ ಉಪ್ಪಿನ ಪುಡಿ ತಾಗಿದರೆ ಅಲ್ಲಿ ಬೆಸುಗೆ ಕೂರುವುದಿಲ್ಲ. ಆದ್ದರಿಂದ ಕಾಗದದ ಲಾಳಿಕೆ ಮಾಡಿ ಒಳಗಿಳಿಸಿ ಸುರಿಯಿರಿ, ಅಂಚನ್ನು ಒಣ ಬಟ್ಟೆಯಿಂದ ಒರೆಸಿ. ಗಾಳಿ ಒತ್ತಿ ಹೊರಹಾಕಿ ಬಾಯಿಯನ್ನು ಶಾಖದಿಂದ ಮುಚ್ಚಿ. ಮನೆಯಲ್ಲೇ ಕಾಳುಮೆಣಸು, ಏಲಕ್ಕಿ, ಕಾಫಿಪುಡಿ ಪೊಟ್ಟಣ ಮಾಡಿ ಮಾರುವವರ ಹತ್ತಿರ ಸೀಲ್ ಮಾಡುವ ಸಣ್ಣ ಯಂತ್ರ ಇದ್ದೇ ಇರುತ್ತದೆ, ಒಂದು ಮಧ್ಯಾಹ್ನಕ್ಕೆ ಕೇಳಿದರೆ ಇಲ್ಲ ಎನ್ನುವುದಿಲ್ಲ. ಅದೂ ಸಿಗದಿದ್ದರೆ ಹಳೆಯ ಅಂಗಡಿಯವರ ಉಪಾಯ: ಚೀಲದ ಬಾಯಿಯನ್ನು ಗರಗಸದ ಬ್ಲೇಡಿನ ಅಂಚಿಗೆ ಮಡಚಿ ಮೋಂಬತ್ತಿಯ ಜ್ವಾಲೆಗೆ ತೋರಿಸುತ್ತಾ ಎಳೆಯುವುದು. ಬರೀ ಜಿಪ್ ಚೀಲವನ್ನು ನಾನು ನಂಬುವುದಿಲ್ಲ. ಅದರ ಜಿಪ್ಪಿನ ಸಂದಿಯಲ್ಲಿ ಒಂದು ಹರಳು ಸಿಕ್ಕಿಕೊಂಡರೆ ಸಾಕು.

ಕಟ್ಟಿದ ಪೊಟ್ಟಣವನ್ನು ಮತ್ತೆ ತೂಗಿ, ಚೀಲ ಸೇರಿದ ತೂಕವನ್ನೂ ತಾರೀಖನ್ನೂ ಮಾರ್ಕರ್ ಪೆನ್ನಿನಲ್ಲಿ ಅದರ ಮೇಲೆಯೇ ಬರೆಯಿರಿ. ಈ ಸಣ್ಣ ಕೆಲಸವನ್ನು ಬಿಡಬೇಡಿ. ಆಗಸ್ಟ್‌ನಲ್ಲಿ ಪೊಟ್ಟಣ ತೆಗೆದಾಗ 758 ಗ್ರಾಂ ಇದ್ದದ್ದು 780 ಆಗಿದ್ದರೆ 22 ಗ್ರಾಂ ನೀರು ಒಳಗೆ ಬಂದಿದೆ. ಬೇರೆ ಯಾವ ಪರೀಕ್ಷೆಯೂ ಬೇಡ, ತಕ್ಕಡಿಯೇ ಸಾಕ್ಷಿ.

ಇಡುವ ಜಾಗ

ಪಾಲಿಥೀನ್ ಎಷ್ಟೇ ದಪ್ಪವಿದ್ದರೂ ತಿಂಗಳುಗಟ್ಟಲೆ ನಿಂತರೆ ಅಷ್ಟಿಷ್ಟು ತೇವ ಬಿಟ್ಟುಕೊಡುತ್ತದೆ. ಆದ್ದರಿಂದ ಪೊಟ್ಟಣಗಳೆಲ್ಲ ವಾಷರ್ ಮುಚ್ಚಳದ ಬಕೆಟ್ಟಿನೊಳಗೆ ಹೋಗಲಿ. ಮೇಲೆ 100 ಗ್ರಾಂ ಸಿಲಿಕಾ ಜೆಲ್ ಅನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಇಡಿ. ಕಿತ್ತಳೆ ಬಣ್ಣದಿಂದ ಹಸಿರಿಗೆ ತಿರುಗುವ ಬಗೆಯನ್ನು ಕೊಳ್ಳಿ. ನೀಲಿ ಬಣ್ಣದ್ದಕ್ಕೆ ಕೋಬಾಲ್ಟ್ ಕ್ಲೋರೈಡ್ ಹಾಕಿರುತ್ತಾರೆ, ಅದು ವಿಷ. ಬಣ್ಣ ತಿರುಗಿದಾಗ ಜೆಲ್ಲನ್ನು ಓವನ್ನಿನಲ್ಲಿ 110-120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಬೀರುವಿನ ಆ ನೀರಾಗುವ ಡಬ್ಬಿಯನ್ನು ಮಾತ್ರ ಬಕೆಟ್ಟಿನೊಳಗೆ ಇಡಬೇಡಿ. ಒಂದು ಸಲ ಮಗುಚಿದರೆ ಕಥೆ ಮುಗಿಯಿತು.

ಬಕೆಟ್ ಸಿಮೆಂಟ್ ನೆಲದ ಮೇಲೆ ಬೇಡ, ಹಲಗೆಯ ಮೇಲಿರಲಿ. ಮಳೆ ಬಡಿಯುವ ಹೊರಗೋಡೆಗೆ ತಾಗಿಸಬೇಡಿ. ಟ್ಯಾಂಕಿನ ಕೆಳಗಿನ ಕಪಾಟು ಕೈಗೆ ಹತ್ತಿರವೆಂದು ಎಲ್ಲರೂ ಅಲ್ಲಿಯೇ ಇಡುತ್ತಾರೆ. ಮನೆಯಲ್ಲಿ ಅದಕ್ಕಿಂತ ತೇವದ ಜಾಗ ಬಚ್ಚಲು ಮಾತ್ರ. ನೀರು ಶೋಧಿಸಲು ಟ್ಯಾಂಕಿನ ಕೆಳಗೆ ಇಡುವ ತೊಟ್ಟಿ, ಅಂದರೆ ಸಂಪಿನಿಂದ ಹಗಲಿರುಳು ಏಳುವ ಆವಿ ಅಲ್ಲೇ ಸುತ್ತುತ್ತಿರುತ್ತದೆ. ಗೊಬ್ಬರದ ಗೋದಾಮು ಬೇಡ. ಯೂರಿಯಾ ಚೀಲದ ಪಕ್ಕ ಉಪ್ಪಿಟ್ಟರೆ ಎರಡೂ ಸ್ಪರ್ಧೆಯ ಮೇಲೆ ನೀರು ಕುಡಿಯುತ್ತವೆ. ಕೋವಿ ಇಡುವ ಕೋಣೆಯಂತೂ ಬೇಡವೇ ಬೇಡ. ಉಪ್ಪಿನ ಪುಡಿ ಹಾರಿ ನಳಿಗೆಗೆ ತುಕ್ಕು ಹಿಡಿದರೆ ಕೈಲ್ ಮುಹೂರ್ತದ ದಿನ ಅಪ್ಪಯ್ಯನ ಮುಂದೆ ನಿಂತು ಉತ್ತರ ಕೊಡಬೇಕಾದವರು ನೀವೇ.

ಅಟ್ಟದ ಮಾತು ಬೇರೆ. ಒಲೆಯ ಮೇಲಿನ ಅಟ್ಟದಲ್ಲಿ ಸೌದೆ, ಬಿತ್ತನೆ ಬೀಜ ಬೆಚ್ಚಗೆ ಒಣಗಿರುವುದನ್ನು ಕಂಡವರು ಉಪ್ಪಿಗೂ ಅದೇ ಸರಿ ಎನ್ನುತ್ತಾರೆ. ನಾನೂ ಒಂದು ವರ್ಷ ಇಟ್ಟೆ. ಪ್ಲಾಸ್ಟಿಕ್ ಮುಚ್ಚಳ ಸೊಟ್ಟಗಾಯಿತು, ಮೇಲೆ ಮಸಿ ಕೂತಿತು. ಹಗಲು ಬಿಸಿ, ರಾತ್ರಿ ತಣ್ಣಗೆ ಆಗುವಾಗ ಬಕೆಟ್ ಉಸಿರಾಡುತ್ತದೆ, ಸೊಟ್ಟ ಮುಚ್ಚಳದ ಸಂದಿಯಲ್ಲಿ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಮಲಗುವ ಕೋಣೆಯ ಮಂಚದ ಕೆಳಗೆ ಇಟ್ಟದ್ದೇ ನನಗೆ ಎಲ್ಲಕ್ಕಿಂತ ಚೆನ್ನಾಗಿ ನಡೆದಿದೆ. ಮನೆಯವರ ಒಪ್ಪಿಗೆ ನಿಮ್ಮ ಜವಾಬ್ದಾರಿ.

ಮಾಡಬಾರದ ಉಪಾಯಗಳು

ಅಕ್ಕಿ ಕಾಳು ಹಾಕುವುದು. ಅಡುಗೆ ಉಪ್ಪಿನ ಡಬ್ಬಿಯಲ್ಲಿ ಅದು ಗಂಟು ಒಡೆಯಲು ಅಷ್ಟಿಷ್ಟು ಸಹಾಯ ಮಾಡಬಹುದು. ಇಲ್ಲಿ ಅಕ್ಕಿಯ ತೌಡು ಟ್ಯಾಂಕಿಗೆ ಬಂದು ನೀರು ಕೆಡುತ್ತದೆ. ಫ್ರಿಜ್ಜಿನಲ್ಲಿ ಇಡುವುದೂ ಬೇಡ. ಹೊರತೆಗೆದು ತೆರೆದ ಕೂಡಲೇ ತಣ್ಣನೆಯ ಉಪ್ಪಿನ ಮೇಲೆ ಇಬ್ಬನಿ ಕೂರುತ್ತದೆ.

ಒದ್ದೆಯಾದ ಉಪ್ಪನ್ನು ಬಾಣಲೆಯಲ್ಲಿ ಹುರಿಯುವುದು, ಓವನ್ನಿನಲ್ಲೋ ಕಾಫಿ ಒಣಗಿಸುವ ಯಂತ್ರದ ಬಳಿಯೋ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು. ಬಿಸಿಗೆ ಬೈಕಾರ್ಬನೇಟ್ ಒಡೆದು ಕಾರ್ಬನೇಟ್ ಆಗುತ್ತದೆ. ಅಂಥ ಉಪ್ಪನ್ನು ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಒಣಗಿತು ಎಂಬ ತೃಪ್ತಿ ಒಂದೇ ಲಾಭ. ಉಪ್ಪನ್ನು ಎರಡರಷ್ಟು ಗಟ್ಟಿಯಾದ ದ್ರಾವಣ ಮಾಡಿ ಕ್ಯಾನಿನಲ್ಲಿ ತುಂಬಿಡುವ ಉಪಾಯವೂ ಹಾಗೆಯೇ, ತಳದಲ್ಲಿ ಸುಣ್ಣ ಕೂರುತ್ತದೆ. ಆದರೆ ಮೇ ಕೊನೆಗೆ ಅರ್ಧ ಪೊಟ್ಟಣ ಉಳಿದು ಕಟ್ಟಲು ಮನಸ್ಸಿಲ್ಲದಿದ್ದರೆ, ಮಾಮೂಲಿ ಸಾಂದ್ರತೆಯಲ್ಲೇ ಕರಗಿಸಿ, ಮುಚ್ಚಿದ ಡ್ರಮ್ಮಿನಲ್ಲಿ ಸಣ್ಣ ಪಂಪ್ ತಿರುಗಿಸುತ್ತಾ ಒಂದೆರಡು ವಾರದಲ್ಲಿ ಬಳಸಿಬಿಡಿ. ನೀರಿನಲ್ಲಿ ಇರುವ ಉಪ್ಪಿಗೆ ಮಳೆಯ ಭಯವಿಲ್ಲ.

ನೀರು ಬದಲಿಸುವ ದಿನ

ಹಿಂದಿನ ದಿನವೇ, ಕೈ ಒಣಗಿರುವಾಗ, ಒಂದು ಪೊಟ್ಟಣ ಹೊರತೆಗೆದು ಬಕೆಟ್ ಮುಚ್ಚಿ. ಮರುದಿನ ಬಕೆಟ್ಟಿನ ತಂಟೆಗೆ ಹೋಗಬೇಡಿ. ಆರ್‌ಒ ನೀರನ್ನು ಮೊದಲು ತುಂಬಿ, ಹೀಟರ್ ಹಾಕಿ 25 ಡಿಗ್ರಿಗೆ ತಂದು, ಪಂಪ್ ತಿರುಗುತ್ತಿರುವಾಗ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಸುರಿಯಿರಿ. ಜುಲೈಯಲ್ಲಿ ನಮ್ಮ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ಉಪ್ಪಿನ ಮೇಲೆ ನೀರು ಸುರಿಯುವ ಉಲ್ಟಾ ಕ್ರಮದಲ್ಲಿ ತಳದಲ್ಲಿ ಗಟ್ಟಿ ದ್ರಾವಣವಾಗಿ ಸುಣ್ಣ ಕೂರುತ್ತದೆ. ಸಾಂದ್ರತೆಯನ್ನು ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ನೋಡಿ, ಕಿಲೋಗೆ 35 ಗ್ರಾಂ ಲವಣಾಂಶ, ಅಂದರೆ ಸಾಪೇಕ್ಷ ಸಾಂದ್ರತೆ 1.026ರ ಹತ್ತಿರ. ತೇವ ಹಿಡಿದ ಉಪ್ಪಿನ ತೂಕದಲ್ಲಿ ನೀರೂ ಸೇರಿರುವುದರಿಂದ ತಕ್ಕಡಿಯ ಮಾತನ್ನಷ್ಟೇ ಕೇಳಿದರೆ ನೀರು ಸಪ್ಪೆಯಾಗುತ್ತದೆ.

ಆದರೂ ಗಂಟು ಕಟ್ಟಿದರೆ

ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಗಂಟಿಗೆ ಹೆದರಬೇಕಾಗಿಲ್ಲ. ಒಂದು ಪೊಟ್ಟಣ ಕರಗಿಸಿ, ನೀರು ತಿಳಿಯಾದ ಮೇಲೆ ಕ್ಷಾರತೆ ಅಳೆಯಿರಿ. ಕ್ಯಾಲ್ಸಿಯಂ ಅಳೆಯುವುದರಲ್ಲಿ ಸಮಯ ಹಾಳು ಮಾಡಬೇಡಿ. ಕ್ಷಾರತೆ ಒಂದು ಡಿಕೆಎಚ್ (ಕ್ಷಾರತೆಯನ್ನು ಅಳೆಯುವ ಮಾನ) ಬೀಳುವಷ್ಟು ಸುಣ್ಣ ಕೂತರೂ ಕ್ಯಾಲ್ಸಿಯಂ ಇಳಿಯುವುದು ಲೀಟರಿಗೆ 7 ಮಿಲಿಗ್ರಾಂ ಮಾತ್ರ. 400ರ ಮೇಲಿರುವ ಅಂಕಿಯಲ್ಲಿ ಮನೆಯ ಪರೀಕ್ಷಾ ಕಿಟ್ಟಿಗೆ ಅದು ಕಾಣುವುದೇ ಇಲ್ಲ. ಕ್ಷಾರತೆ ಎಂದಿನದಕ್ಕಿಂತ ಒಂದು ಡಿಕೆಎಚ್ ಕಡಿಮೆ ಬಂದರೆ 20 ಲೀಟರಿಗೆ 0.6 ಗ್ರಾಂ ಅಡುಗೆ ಸೋಡಾ ಸೇರಿಸಿ ಸರಿಪಡಿಸಬಹುದು. ಸೋಡಾ ಶುದ್ಧವಾಗಿರಲಿ, ಬೇಕಿಂಗ್ ಪೌಡರ್ ಅಲ್ಲ. ಎರಡು ಮೂರು ಡಿಕೆಎಚ್ ಬಿದ್ದಿದ್ದರೆ ಹವಳದ ಟ್ಯಾಂಕಿಗೆ ಆ ಉಪ್ಪನ್ನು ನಾನು ಹಾಕುವುದಿಲ್ಲ.

ಕಲ್ಲಾದ ಉಪ್ಪನ್ನು ಕಾಫಿ ಗಿಡದ ಬುಡಕ್ಕೆ ಎಸೆಯಬೇಡಿ, ಬೇರು ಸುಡುತ್ತದೆ. ನನ್ನ ಮೊದಲ ವರ್ಷದ ಬಕೆಟ್ ಇನ್ನೂ ಕೊಟ್ಟಿಗೆಯಲ್ಲಿದೆ. ಮಳೆಯಲ್ಲಿ ತೋಟಕ್ಕೆ ಇಳಿಯುವವರು ಅದರಿಂದ ಒಂದು ಚೂರು ಒಡೆದು, ಬಟ್ಟೆಯಲ್ಲಿ ಗಂಟು ಕಟ್ಟಿ, ಕೋಲಿನ ತುದಿಗೆ ಬಿಗಿದುಕೊಂಡು ಹೋಗುತ್ತಾರೆ. ಕಾಲಿಗೆ ಹತ್ತಿದ ಜಿಗಣೆಗೆ ಅದನ್ನು ಮುಟ್ಟಿಸಿದರೆ ಸಾಕು, ಕಳಚಿ ಬೀಳುತ್ತದೆ. ಅಷ್ಟು ದುಬಾರಿಯ ಜಿಗಣೆ ಮದ್ದು ಇಡೀ ಜಿಲ್ಲೆಯಲ್ಲಿ ಬೇರೆ ಯಾರ ಮನೆಯಲ್ಲೂ ಇರಲಿಕ್ಕಿಲ್ಲ.